ಹುಲ್ಲಿನ ಕಡಲು, ಮುಳ್ಳಿನ ತಂತಿ

"ಓದದಿದ್ದರೆ ದನ ಕಾಯೋಕೆ ಹೋಗಬೇಕಾಗುತ್ತೆ ನೋಡು!" ನಮ್ಮ ಕಡೆಯ ಶಾಲೆಗಳಲ್ಲಿ ತಲೆತಲಾಂತರದಿಂದ ಕೇಳಿಬರುತ್ತಿರುವ ಬೈಗುಳವಿದು. ಲೆಕ್ಕ ತಪ್ಪಿದ ಹುಡುಗನಿಗೂ, ಕಾಪಿ ಬರೆಯದೆ ಬಂದ ಹುಡುಗಿಗೂ ಇದೇ ಮಂಗಳಾರತಿ. ದನ ಕಾಯುವುದೆಂದರೆ ನಮ್ಮಲ್ಲಿ ಅಷ್ಟು ಹಗುರ. ಆದರೆ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಅದೇ ದನ ಕಾಯುವ ಹುಡುಗ ಸಿನಿಮಾದ ನಾಯಕ. ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಪಿಸ್ತೂಲು, ಕೆಳಗೊಂದು ಕುದುರೆ! 'ಕೌಬಾಯ್' ಎಂಬ ಪದವನ್ನು ಬಿಡಿಸಿ ಹೇಳಿದರೆ 'ದನ ಕಾಯುವ ಹುಡುಗ' ಎಂದಷ್ಟೇ ಅರ್ಥ ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ಗೊಳ್ಳೆಂದು ನಗುತ್ತಾರೆ.

ಮೂವತ್ತು ವರ್ಷಗಳಿಂದ ಸಮಾಜ ವಿಜ್ಞಾನ ಪಾಠ ಹೇಳುತ್ತಿರುವವಳು ನಾನು. ನಮ್ಮ ಪಠ್ಯಪುಸ್ತಕಗಳಲ್ಲಿ ಅಮೆರಿಕಾ ಖಂಡದ ಕಥೆ ಕೊಲಂಬಸನ ಹಡಗು, ಸ್ವಾತಂತ್ರ್ಯ ಸಂಗ್ರಾಮ, ಲಿಂಕನ್ ಎಂದು ನಾಲ್ಕು ಪುಟಗಳಲ್ಲಿ ಮುಗಿದುಹೋಗುತ್ತದೆ. ಯಾವ ದೇಶದ ಇತಿಹಾಸವನ್ನು ಓದುವಾಗಲೂ ನನಗೆ ಹುಟ್ಟುವ ಪ್ರಶ್ನೆ ಒಂದೇ: ಇಷ್ಟೆಲ್ಲ ನಡೆಯುವಾಗ ಆ ಮನೆಗಳ ಹೆಂಗಸರು ಏನು ಮಾಡುತ್ತಿದ್ದರು? ಬೇಸಿಗೆ ರಜೆಗಳಲ್ಲಿ ಕೂತು ಓದಿದ ಪ್ರೇರಿ ಹುಲ್ಲುಗಾವಲಿನ ಕಥೆಯಲ್ಲಿ ಈ ಪ್ರಶ್ನೆಗೆ ಸೊಗಸಾದ ಉತ್ತರಗಳು ಸಿಕ್ಕವು. ಕೆಲವು ಕಹಿಯಾದವೂ ಸಿಕ್ಕವು. ಅವನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಉತ್ತರ ಅಮೆರಿಕಾದ ಭೂಪಟವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಪಶ್ಚಿಮಕ್ಕೆ ರಾಕಿ ಪರ್ವತಗಳ ಗೋಡೆ. ಅದರ ಪೂರ್ವಕ್ಕೆ, ಕೆನಡಾದ ಆಲ್ಬರ್ಟಾ, ಸಸ್ಕಾಚೆವಾನ್‌ಗಳಿಂದ ಹಿಡಿದು ಮೊಂಟಾನಾ, ಡಕೋಟಾ, ಕಾನ್ಸಾಸ್‌ಗಳನ್ನು ದಾಟಿ ಟೆಕ್ಸಾಸಿನವರೆಗೆ ಮರವಿಲ್ಲದ ಬಯಲು. ಗಾಳಿ ಬೀಸಿದರೆ ಹುಲ್ಲು ಅಲೆಅಲೆಯಾಗಿ ಬಾಗುವ ಆ ಬಯಲನ್ನು ಮೊದಲು ಕಂಡವರು ಕಡಲಿಗೆ ಹೋಲಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಈ ಕಡಲಿನ ಒಡೆಯ ಕಾಡೆಮ್ಮೆಯ ಜಾತಿಯ ಬೈಸನ್. 1800ರ ಸುಮಾರಿಗೆ ಅವು ಮೂರು ಕೋಟಿಯಷ್ಟಿದ್ದವೆಂದು ಒಂದು ಅಂದಾಜು.

ಕುದುರೆಯ ಕಥೆ ಇನ್ನೂ ಸೋಜಿಗದ್ದು. ಕುದುರೆಯ ವಂಶ ಹುಟ್ಟಿ ಬೆಳೆದದ್ದೇ ಉತ್ತರ ಅಮೆರಿಕಾದಲ್ಲಿ. ಅಲ್ಲಿಂದ ಅದು ಏಷ್ಯಾಕ್ಕೆ ಹರಡಿತು. ಆದರೆ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ತವರಿನಲ್ಲೇ ಅದರ ಸಂತತಿ ಅಳಿದುಹೋಯಿತು. ಮತ್ತೆ ಅದು ಆ ಖಂಡದ ಕಡೆಗೆ ಬಂದದ್ದು 1493ರಲ್ಲಿ, ಕೊಲಂಬಸನ ಎರಡನೆಯ ಯಾತ್ರೆಯ ಹಡಗಿನಲ್ಲಿ. 1519ರಲ್ಲಿ ಕೊರ್ಟೆಸ್ ಹದಿನಾರು ಕುದುರೆಗಳೊಡನೆ ಮೆಕ್ಸಿಕೋದ ಒಡಲಿಗೆ ನುಗ್ಗಿದ. 1598ರಲ್ಲಿ ಸ್ಪೇನಿನವರು ಸಾವಿರಾರು ದನಕರು, ಕುದುರೆಗಳನ್ನು ಹೊಡೆದುಕೊಂಡು ಈಗಿನ ನ್ಯೂ ಮೆಕ್ಸಿಕೋಗೆ ಬಂದು ನೆಲೆಸಿದರು. ಹೀಗೆ ತವರು ಬಿಟ್ಟ ಮಗಳು ಸಾವಿರಾರು ವರ್ಷಗಳ ಮೇಲೆ ಬೇರೆಯವರ ಕೈಹಿಡಿದು ತವರಿಗೆ ಬಂದಂತಾಯಿತು.

1680ರಲ್ಲಿ ಪ್ಯೂಬ್ಲೋ ಜನ ಸ್ಪೇನಿನವರ ವಿರುದ್ಧ ದಂಗೆ ಎದ್ದು ಅವರನ್ನು ಓಡಿಸಿದರು. ಆಗ ಕೈಗೆ ಸಿಕ್ಕ ಕುದುರೆಗಳೇ ಉತ್ತರಕ್ಕೆ ಹರಡಿದವು ಎಂದು ಬಹಳ ಕಾಲ ನಂಬಲಾಗಿತ್ತು. ಆದರೆ ಹಳೆಯ ಎಲುಬುಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು, ಆ ದಂಗೆಗೆ ದಶಕಗಳ ಮೊದಲೇ, ಬಿಳಿಯರ ಮುಖ ಕಾಣುವುದಕ್ಕೂ ಮುಂಚೆಯೇ ಬಯಲಿನ ಮೂಲನಿವಾಸಿಗಳು ಕುದುರೆ ಸಾಕಿದ್ದರೆಂದು ತೋರಿಸಿಕೊಟ್ಟಿದೆ. ತಮ್ಮ ಅಜ್ಜ ಅಜ್ಜಿಯರಿಂದ ಆ ಜನ ಕೇಳಿಕೊಂಡು ಬಂದ ಕಥೆಗಳೂ ಅದನ್ನೇ ಹೇಳುತ್ತಿದ್ದವು. ಬಾಯಿಮಾತಿನ ಇತಿಹಾಸವನ್ನು ತಳ್ಳಿಹಾಕಬಾರದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕುದುರೆ ಬರುವುದಕ್ಕೆ ಮುಂಚೆ ಆ ಬಯಲಿನಲ್ಲಿ ಹೊರೆ ಹೊರುತ್ತಿದ್ದದ್ದು ನಾಯಿ. ಎರಡು ಕೋಲುಗಳನ್ನು ಅದರ ಹೆಗಲಿಗೆ ಕಟ್ಟಿ, ಹಿಂದಿನ ತುದಿ ನೆಲಕ್ಕೆ ತಾಗುವಂತೆ ಬಿಟ್ಟು, ನಡುವೆ ಸಾಮಾನು ಕಟ್ಟಿ ಎಳೆಸುತ್ತಿದ್ದರು. ಉಳಿದ ಹೊರೆ ಹೆಂಗಸರ ಬೆನ್ನಿಗೆ. ಹಾಗಾಗಿ ಕುದುರೆಯನ್ನು ಕಂಡಾಗ ಅವರಿಗೆ ನೆನಪಾದದ್ದು ನಾಯಿಯೇ. ಬ್ಲ್ಯಾಕ್‌ಫುಟ್ ಜನರು ಅದನ್ನು 'ಕಡವೆ ನಾಯಿ' ಎಂಬರ್ಥ ಬರುವ ಹೆಸರಿನಿಂದ ಕರೆದರು. ಲಕೋಟಾ ಜನರ ಪಾಲಿಗೆ ಅದು 'ಪವಿತ್ರ ನಾಯಿ'. ನಾಯಿ ಎಳೆಯುವ ಹೊರೆಯ ನಾಲ್ಕರಷ್ಟನ್ನು ಕುದುರೆ ಎಳೆಯುತ್ತಿತ್ತು. ಗುಡಾರಗಳು ದೊಡ್ಡದಾದವು. ನಡೆಯಲಾರದ ಮುದುಕಿಯರೂ ಬಾಣಂತಿಯರೂ ಕುದುರೆಯ ಬೆನ್ನೇರಿ ಊರೂರು ಸಾಗುವಂತಾಯಿತು. ಬೆನ್ನಿನ ಭಾರ ಇಳಿಸಿದ ಪ್ರಾಣಿಗೆ 'ಪವಿತ್ರ' ಎಂದು ಹೆಸರಿಟ್ಟದ್ದು ತಕ್ಕದ್ದೇ.

ಆ ಜನರಲ್ಲಿ ಗುಡಾರ ಹೆಣ್ಣಿನ ಸ್ವತ್ತು ಎಂಬುದನ್ನು ಓದಿದಾಗ ನನಗೆ ಬಹಳ ಹಿತವೆನಿಸಿತು. ತೊಗಲು ಹದ ಮಾಡಿ, ಹೊಲಿದು, ಕಂಬ ನೆಟ್ಟು ಅದನ್ನು ಎಬ್ಬಿಸುವವಳು ಅವಳು. ಆದ್ದರಿಂದ ಒಡತಿಯೂ ಅವಳೇ.

ಆದರೆ ಕುದುರೆ ತಂದ ಸಿರಿಗೆ ಇನ್ನೊಂದು ಮುಖವೂ ಇತ್ತು. ಕಾಲ್ನಡಿಗೆಯ ಕಾಲದಲ್ಲಿ ಬೈಸನ್ ಹಿಂಡನ್ನು ಕಡಿದಾದ ಬಂಡೆಯ ಅಂಚಿಗೆ ಅಟ್ಟಿ ಬೀಳಿಸಿ ಕೊಲ್ಲುತ್ತಿದ್ದರು. ಅದು ಊರೆಲ್ಲ ಸೇರಿ ಮಾಡುವ ಬೇಟೆ. ಅಂಥ ಒಂದು ಜಾಗ ಆಲ್ಬರ್ಟಾದಲ್ಲಿದೆ. ಸುಮಾರು ಆರು ಸಾವಿರ ವರ್ಷ ಬಳಕೆಯಲ್ಲಿದ್ದ ಆ ಬಂಡೆಯನ್ನು 1981ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆ ಬಂದ ಮೇಲೆ ಒಬ್ಬನೇ ಗಂಡಸು ಓಡುವ ಹಿಂಡಿನೊಳಕ್ಕೆ ನುಗ್ಗಿ ಒಂದೇ ಹೊತ್ತಿನಲ್ಲಿ ಹಲವು ಬೈಸನ್‌ಗಳನ್ನು ಕೆಡವಬಲ್ಲವನಾದ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಹೆಂಗಸಿನದು ಅಲ್ಲಿಂದ ಶುರು. ಮಾಂಸ ಕೊಯ್ದು ಒಣಗಿಸಬೇಕು. ತೊಗಲನ್ನು ಹೆರೆದು, ಮಿದುಳು ಕೊಬ್ಬು ಸವರಿ, ದಿನಗಟ್ಟಲೆ ಉಜ್ಜಿ ಹದಕ್ಕೆ ತರಬೇಕು. ಬಿಳಿಯ ವರ್ತಕರು ಹದಮಾಡಿದ ತೊಗಲಿಗೆ ಬಂದೂಕು, ಕಂಬಳಿ, ಪಾತ್ರೆ ಕೊಡತೊಡಗಿದಾಗ ಬೇಡಿಕೆ ಏರಿತು. ಕುದುರೆ ಹೆಚ್ಚಾಗಿದ್ದವನು ಹೆಚ್ಚು ಬೇಟೆಯಾಡಿದ. ಹೆಚ್ಚು ಬೇಟೆಯಾಡಿದವನಿಗೆ ತೊಗಲು ಹದ ಮಾಡಲು ಹೆಚ್ಚು ಹೆಂಡತಿಯರು ಬೇಕಾದರು. ಬೆನ್ನಿನ ಭಾರ ಇಳಿಸಿದ ಅದೇ ಕುದುರೆ ಕೈಯ ಕೆಲಸವನ್ನು ಹೆಚ್ಚಿಸಿತು. ಮನೆಗೆ ಮಿಕ್ಸಿ, ಗ್ರೈಂಡರ್ ಬಂದ ಮೇಲೂ ನಮ್ಮ ಅಡುಗೆಮನೆಯ ಹೊತ್ತು ಯಾಕೆ ಕಡಿಮೆಯಾಗಲಿಲ್ಲ ಎಂದು ಯೋಚಿಸಿದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ.

ದನಗಳೂ ಕುದುರೆಯಂತೆಯೇ ಸ್ಪೇನಿನವರ ಜೊತೆ ಬಂದವು. ಉದ್ದ ಕೊಂಬಿನ ಆ ರಾಸುಗಳು ಟೆಕ್ಸಾಸಿನ ಬಯಲಲ್ಲಿ ಕಾಡುಬಿದ್ದು ಹೆಚ್ಚಿದವು. ಅವನ್ನು ಹಿಡಿಯುವ, ಬರೆ ಹಾಕುವ, ಹಗ್ಗ ಬೀಸುವ ವಿದ್ಯೆಯನ್ನೆಲ್ಲ ಅಮೆರಿಕನ್ನರಿಗೆ ಕಲಿಸಿದವರು ಮೆಕ್ಸಿಕೋದ 'ವಕೇರೋ' ದನಗಾಹಿಗಳು. ರಾಂಚ್, ರೋಡಿಯೋ, ಮಸ್ಟಾಂಗ್ ಮೊದಲಾದ ಪದಗಳೆಲ್ಲ ಸ್ಪ್ಯಾನಿಷ್ ಮೂಲದವು. ಅಮೆರಿಕಾದ ಅಂತರ್ಯುದ್ಧ 1865ರಲ್ಲಿ ಮುಗಿದಾಗ ಟೆಕ್ಸಾಸಿನಲ್ಲಿ ನಾಲ್ಕು ಡಾಲರಿಗೆ ಸಿಗುತ್ತಿದ್ದ ರಾಸಿಗೆ ಉತ್ತರದ ಪೇಟೆಗಳಲ್ಲಿ ನಲವತ್ತು ಡಾಲರ್ ಬೆಲೆ. ಅಷ್ಟು ದೂರ ಸಾಗಿಸುವುದು ಹೇಗೆ? ನಡೆಸಿಕೊಂಡೇ! 1867ರಲ್ಲಿ ಜೋಸೆಫ್ ಮೆಕಾಯ್ ಎಂಬ ವರ್ತಕ ಕಾನ್ಸಾಸಿನ ಅಬಿಲೀನ್ ಎಂಬ ಪುಟ್ಟ ಊರಲ್ಲಿ ರೈಲು ಹಳಿಯ ಪಕ್ಕ ದೊಡ್ಡಿಗಳನ್ನು ಕಟ್ಟಿಸಿದ. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ದನಗಳ ಮಹಾಯಾತ್ರೆ ನಡೆಯಿತು.

ಎರಡೂವರೆ ಸಾವಿರ ರಾಸುಗಳಿಗೆ ಹತ್ತು ಹನ್ನೆರಡು ಮಂದಿ ಕಾವಲುಗಾರರು. ದಿನಕ್ಕೆ ಹತ್ತು ಹದಿನೈದು ಮೈಲಿ ನಡಿಗೆ. ಎರಡು ಮೂರು ತಿಂಗಳ ಧೂಳು, ನಿದ್ದೆಗೇಡು, ತುಂಬಿದ ಹೊಳೆ. ರಾತ್ರಿ ಗುಡುಗಿಗೆ ಬೆದರಿ ಹಿಂಡು ಓಡಿದರೆ ಅದರ ಕಾಲಿಗೆ ಸಿಕ್ಕವರು ಬದುಕಿ ಬರುವುದು ಕಷ್ಟ. ಸಂಬಳ ತಿಂಗಳಿಗೆ ಮೂವತ್ತು ನಲವತ್ತು ಡಾಲರ್. ಕುದುರೆಗಳು ಸಾಮಾನ್ಯವಾಗಿ ಧಣಿಯವು, ಜೀನು ಮಾತ್ರ ಆಳಿನ ಸ್ವಂತದ್ದು. ಈ ಆಳುಗಳಲ್ಲಿ ಸುಮಾರು ಕಾಲು ಭಾಗ ಕರಿಯರೆಂದು ಇತಿಹಾಸಕಾರರ ಅಂದಾಜು. ಮೆಕ್ಸಿಕನ್ನರು, ಮೂಲನಿವಾಸಿಗಳೂ ಬಹಳ ಮಂದಿ. ಬೆಳ್ಳಿತೆರೆಯ ಮೇಲೆ ಮಾತ್ರ ಅವರೆಲ್ಲ ಬಹುಕಾಲ ಮಾಯವಾಗಿಬಿಟ್ಟರು.

ಹೆಂಗಸರು? ಇದ್ದರು. ಟೆಕ್ಸಾಸಿನ ಮಾರ್ಗರೆಟ್ ಬೋರ್ಲ್ಯಾಂಡ್ ಮೂರು ಬಾರಿ ಗಂಡನನ್ನು ಕಳೆದುಕೊಂಡವಳು. 1867ರ ಹಳದಿ ಜ್ವರದಲ್ಲಿ ಮಕ್ಕಳನ್ನೂ ಕಳೆದುಕೊಂಡಳು. 1873ರಲ್ಲಿ ಉಳಿದ ಮಕ್ಕಳನ್ನೂ ಪುಟ್ಟ ಮೊಮ್ಮಗಳನ್ನೂ ಬಂಡಿಯಲ್ಲಿ ಕೂರಿಸಿಕೊಂಡು, ಸಾವಿರಕ್ಕೂ ಮಿಕ್ಕಿದ ತನ್ನ ಸ್ವಂತ ರಾಸುಗಳನ್ನು ತಾನೇ ಮುಂದೆ ನಿಂತು ಕಾನ್ಸಾಸಿನ ವಿಚಿಟಾದವರೆಗೆ ಹೊಡೆಸಿಕೊಂಡು ಹೋದಳು. ಊರು ಮುಟ್ಟಿದ ಕೆಲವೇ ವಾರಗಳಲ್ಲಿ ಕಾಯಿಲೆ ಬಿದ್ದು ಅಲ್ಲೇ ತೀರಿಕೊಂಡಳು. ಅವಳಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

ನನಗೆ ಎಲ್ಲರಿಗಿಂತ ಆಪ್ತಳಾದವಳು ಮೇರಿ ಆನ್ ಗುಡ್‌ನೈಟ್. ಅವಳು ನನ್ನಂತೆ ಶಾಲಾಮಾಸ್ತರಿಣಿ. 1870ರಲ್ಲಿ ಹೆಸರಾಂತ ದನದ ವ್ಯಾಪಾರಿ ಚಾರ್ಲ್ಸ್ ಗುಡ್‌ನೈಟನನ್ನು ಮದುವೆಯಾದಳು. ಕೆಲವು ವರ್ಷಗಳ ನಂತರ ಟೆಕ್ಸಾಸಿನ ಪಾಲೋ ಡ್ಯೂರೋ ಎಂಬ ಆಳವಾದ ಕಣಿವೆಯಲ್ಲಿ ಅವರ ಬಿಡಾರವಾಯಿತು. ತಿಂಗಳುಗಟ್ಟಲೆ ಮಾತಾಡಲು ಇನ್ನೊಂದು ಹೆಣ್ಣು ಜೀವವಿಲ್ಲ. ಒಮ್ಮೆ ಆಳೊಬ್ಬ ಅಡುಗೆಗೆಂದು ಮೂರು ಕೋಳಿ ತಂದುಕೊಟ್ಟನಂತೆ. ಅವಳು ಅವನ್ನು ಕೊಯ್ಯಲಿಲ್ಲ. ಸಾಕಿಕೊಂಡು ಅವುಗಳೊಡನೆ ಮಾತಾಡುತ್ತ ದಿನ ಕಳೆದಳು. ಹೊಸದಾಗಿ ಮದುವೆಯಾಗಿ ಗೊತ್ತಿಲ್ಲದ ಊರಿನ ಬಾಡಿಗೆ ಮನೆಯಲ್ಲಿ, ಗಂಡ ಕೆಲಸಕ್ಕೆ ಹೋದ ಮೇಲೆ ಗೋಡೆ ನೋಡುತ್ತ ಕೂತ ನಮ್ಮಲ್ಲಿ ಎಷ್ಟೋ ಜನರಿಗೆ ಆ ಮೂರು ಕೋಳಿಗಳ ಬೆಲೆ ಗೊತ್ತು.

ಆಗಲೇ ಬೈಸನ್‌ಗಳ ಮಾರಣಹೋಮ ನಡೆದಿತ್ತು. 1871ರ ಸುಮಾರಿಗೆ ಅದರ ಹಸಿ ತೊಗಲನ್ನು ಕಾರ್ಖಾನೆಯ ಯಂತ್ರಗಳ ಪಟ್ಟಿಗೆ ಒಗ್ಗಿಸುವ ಹೊಸ ವಿಧಾನ ಬಂತು. ರೈಲು ಬಂದೇ ಇತ್ತು. ಬಂದೂಕು ಹಿಡಿದ ಬೇಟೆಗಾರರು ತೊಗಲು ಸುಲಿದು ಮಾಂಸವನ್ನು ಬಯಲಲ್ಲೇ ಕೊಳೆಯಲು ಬಿಟ್ಟರು. ಕೆನಡಾದ ಬಯಲಲ್ಲಿ 1879ರ ಹೊತ್ತಿಗೆ ಬೈಸನ್ ಕಾಣದಾಯಿತು. 1880ರ ದಶಕ ಮುಗಿಯುವಾಗ ಇಡೀ ಖಂಡದಲ್ಲಿ ಉಳಿದವು ಹೆಚ್ಚು ಕಡಿಮೆ ಒಂದು ಸಾವಿರ. ತಾಯಿ ಸತ್ತ ಕರುಗಳು ರಾತ್ರಿಯಿಡೀ ಕೂಗುತ್ತಿದ್ದ ಆ ದಿನಗಳಲ್ಲಿ, 1878ರ ಸುಮಾರಿಗೆ, ಮೇರಿ ಆನ್ ಗಂಡನನ್ನು ಒತ್ತಾಯಿಸಿ ಕೆಲವು ಅನಾಥ ಕರುಗಳನ್ನು ತರಿಸಿ ಸಾಕಿದಳು. ಆ ಕರುಗಳ ವಂಶವನ್ನು 1997ರಲ್ಲಿ ಟೆಕ್ಸಾಸ್ ರಾಜ್ಯಕ್ಕೆ ಒಪ್ಪಿಸಲಾಯಿತು. ಕ್ಯಾಪ್ರಾಕ್ ಕ್ಯಾನಿಯನ್ಸ್ ಎಂಬ ಉದ್ಯಾನದಲ್ಲಿ ಅವು ಇಂದೂ ಮೇಯುತ್ತಿವೆ. ಗಂಡನ ದನಗಳ ಸಂಖ್ಯೆ ಒಂದು ಕಾಲಕ್ಕೆ ಲಕ್ಷ ಮುಟ್ಟಿದ್ದುಂಟು. ನೂರಾ ಐವತ್ತು ವರ್ಷ ಬಾಳಿದ್ದು ಹೆಂಡತಿಯ ಕೆಲವು ತಬ್ಬಲಿ ಕರುಗಳ ಸಂತಾನ.

ಬೈಸನ್ ಹೋದ ಹುಲ್ಲಿಗೆ ದನ ಬಂದವು. ಬೈಸನ್ ನಂಬಿದ ಜನರ ಗತಿ? ಕೆನಡಾದಲ್ಲಿ 1877ರ ಏಳನೆಯ ಒಪ್ಪಂದದಡಿ ಬ್ಲ್ಯಾಕ್‌ಫುಟ್ ಮತ್ತವರ ನೆರೆಯವರನ್ನು ಮೀಸಲು ಜಾಗಗಳಿಗೆ ಕಟ್ಟಿಹಾಕಲಾಯಿತು. ಗಡಿಯ ಈಚೆ ಮೊಂಟಾನಾದಲ್ಲಿ 1883-84ರ ಚಳಿಗಾಲ ಸರಕಾರದ ಪಡಿ ಸಾಲದೆ ಬ್ಲ್ಯಾಕ್‌ಫೀಟ್ ಜನರಲ್ಲಿ ನೂರಾರು ಮಂದಿ ಹಸಿವಿನಿಂದ ಸತ್ತರು. ಅದನ್ನು ಅವರು ಇಂದೂ 'ಉಪವಾಸದ ಚಳಿಗಾಲ' ಎಂದೇ ನೆನೆಯುತ್ತಾರೆ. ಇತ್ತ 1881ರಲ್ಲಿ ಕೆನಡಾ ಸರಕಾರ ಲಕ್ಷ ಎಕರೆಯವರೆಗಿನ ಹುಲ್ಲುಗಾವಲನ್ನು ಎಕರೆಗೆ ವರ್ಷಕ್ಕೆ ಒಂದೇ ಸೆಂಟಿನಂತೆ ಇಪ್ಪತ್ತೊಂದು ವರ್ಷ ಗುತ್ತಿಗೆ ಕೊಡತೊಡಗಿತ್ತು. ಮಾಂಟ್ರಿಯಲ್ ಮತ್ತು ಲಂಡನ್ನಿನ ಹಣವಂತರು ಬಂದು ಕಾಕ್ರೇನ್, ಬಾರ್ ಯು ಮೊದಲಾದ ರಾಂಚ್‌ಗಳನ್ನು ಕಟ್ಟಿದರು. ಅವರ ದನದ ಮಾಂಸಕ್ಕೆ ಖಾತ್ರಿಯ ಗಿರಾಕಿ ಯಾರು ಗೊತ್ತೇ? ಮೀಸಲು ಜಾಗದವರಿಗೆ ಪಡಿ ಹಂಚುವ ಸರಕಾರ! ತಮ್ಮದೇ ನೆಲದ ಹುಲ್ಲು ತಿಂದ ದನದ ಮಾಂಸಕ್ಕಾಗಿ ಆ ನೆಲದ ಜನ ಸಾಲಿನಲ್ಲಿ ನಿಲ್ಲಬೇಕಾಯಿತು.

ಇನ್ನು ಮುಳ್ಳುತಂತಿ. 1874ರಲ್ಲಿ ಇಲಿನಾಯ್ ರಾಜ್ಯದ ಜೋಸೆಫ್ ಗ್ಲಿಡನ್ ಎಂಬ ರೈತ ಅದರ ಪೇಟೆಂಟ್ ಪಡೆದ. ಹೆಂಡತಿಯ ಕೈತೋಟಕ್ಕೆ ದನ ನುಗ್ಗದಂತೆ ತಡೆಯಲು, ಅವಳ ಕಾಫಿ ಬೀಜ ಬೀಸುವ ಯಂತ್ರದಲ್ಲೇ ಮೊದಲ ಮುಳ್ಳುಗಳನ್ನು ತಿರುಚಿದನೆಂದು ಜನ ಹೇಳುತ್ತ ಬಂದಿದ್ದಾರೆ. ಮರವೇ ಇಲ್ಲದ ಬಯಲಿಗೆ ಬೇಲಿ ಹಾಕುವ ಅಗ್ಗದ ಉಪಾಯ ಅದು. ಟೆಕ್ಸಾಸಿನ ಎಕ್ಸ್ಐಟಿ ಎಂಬ ಒಂದೇ ರಾಂಚ್ ಮೂವತ್ತು ಲಕ್ಷ ಎಕರೆಗೆ ತಂತಿ ಸುತ್ತಿತು. ತೆರೆದ ಕಡಲಿಗೆ ಕಟ್ಟೆ ಬಿದ್ದಂತಾಯಿತು. ನಮ್ಮ ಅಮೃತಮಹಲ್ ಕಾವಲುಗಳ ಸುತ್ತ ಒತ್ತುವರಿಯ ಬೇಲಿಗಳನ್ನು ಕಂಡವರಿಗೆ ಆ ನೋಟ ತೀರ ಹೊಸದೇನಲ್ಲ.

ಹುಲ್ಲಿನ ಶಕ್ತಿ ಮೀರಿ ದನ ತುಂಬಿದ್ದರು. 1886ರ ಬೇಸಿಗೆಯಲ್ಲಿ ಮಳೆಯಿಲ್ಲ, ಹುಲ್ಲು ಸುಟ್ಟಿತ್ತು. ಅದರ ಬೆನ್ನಿಗೇ ಬಂತು ಆ ಘೋರ ಚಳಿಗಾಲ. ಹಿಮ ಬಿತ್ತು, ಸ್ವಲ್ಪ ಕರಗಿತು, ಮತ್ತೆ ಹೆಪ್ಪುಗಟ್ಟಿ ಗಾಜಿನಂತಾಯಿತು. ಕುದುರೆ ಗೊರಸಿನಿಂದ ಹಿಮ ಕೆರೆದು ಹುಲ್ಲು ಹುಡುಕಿಕೊಳ್ಳುತ್ತದೆ. ಬೈಸನ್ ತಲೆಯಿಂದಲೇ ಹಿಮ ಸರಿಸುತ್ತದೆ. ಹೊರಗಿನಿಂದ ಬಂದ ದನಕ್ಕೆ ಆ ವಿದ್ಯೆ ಅಷ್ಟಾಗಿ ತಿಳಿಯದು. ರಾಕಿ ಪರ್ವತದಿಂದ ಬೀಸಿ ಹಿಮ ಕರಗಿಸುವ ಬೆಚ್ಚನೆಯ 'ಚಿನೂಕ್' ಗಾಳಿಗಾಗಿ ಎಲ್ಲರೂ ಕಾದರು. ಮೊಂಟಾನಾದ ಧಣಿಯೊಬ್ಬ ದನಗಳು ಹೇಗಿವೆಯೆಂದು ಕೇಳಿ ಬರೆದಾಗ, ಚಾರ್ಲ್ಸ್ ರಸೆಲ್ ಎಂಬ ಆಳು ಎಲುಬಿನ ಹಂದರದಂತಿದ್ದ ಒಂದು ಹಸುವಿನ ಚಿತ್ರವನ್ನು ಅಂಗೈಯಗಲದ ಕಾಗದದಲ್ಲಿ ಬರೆದು ಕಳಿಸಿದ. ಮಾತಿನ ಅಗತ್ಯ ಬೀಳಲಿಲ್ಲ. ಆ ಚಿತ್ರವೇ ಅವನನ್ನು ಹೆಸರಾಂತ ಕಲಾವಿದನನ್ನಾಗಿ ಮಾಡಿತು. ವಸಂತದಲ್ಲಿ ಹಿಮ ಕರಗಿದಾಗ ಕೆಲವು ಹಿಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು. ಮುಂದೆ ಅಮೆರಿಕಾದ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್ ಡಕೋಟಾದಲ್ಲಿ ಹೂಡಿದ್ದ ದನದ ಹಣವೂ ಅದರಲ್ಲಿ ಕರಗಿತು.

ಆ ಪೆಟ್ಟಿನ ಮೇಲೆ ದೊಡ್ಡವರು ಹಲವರು ಕೈತೊಳೆದುಕೊಂಡು ಹೋದರು. ಉಳಿದವರು ಹಿಂಡು ಕಿರಿದು ಮಾಡಿ, ಚಳಿಗಾಲಕ್ಕೆ ಹುಲ್ಲು ಕೊಯ್ದು ಒಟ್ಟತೊಡಗಿದರು. ಆಗಲೇ ದನ ಸಾಕುವುದು ಸಂಸಾರದ ಕೆಲಸವಾಯಿತು. ಕೋಳಿ, ಬೆಣ್ಣೆ, ಕೈತೋಟ, ಬಾಣಂತನ, ಆಳುಗಳ ಊಟ, ಲೆಕ್ಕಪತ್ರ, ಎಲ್ಲ ಹೆಂಗಸಿನ ಪಾಲಿಗೆ. ನಾನು ಬಿ.ಎಡ್. ಓದುವಾಗ ನಮ್ಮ ತಾಯಿ ಎರಡು ಹಸು ಕಟ್ಟಿ ಹಾಲು ಮಾರಿ ಫೀಸು ಹೊಂದಿಸಿದರು. ಪಹಣಿಯಲ್ಲಿ ಹೊಲ ಅಪ್ಪನ ಹೆಸರಿಗಿತ್ತು. ಹಾಲಿನ ಲೆಕ್ಕ ಬಾಗಿಲ ಹಿಂದಿನ ಸುಣ್ಣದ ಗೀಟುಗಳಲ್ಲಿತ್ತು. ಹಬ್ಬಕ್ಕೆ ಸುಣ್ಣ ಬಳಿದಾಗ ಆ ಗೀಟುಗಳು ಅಳಿಸಿಹೋದವು. ಪ್ರೇರಿಯ ಹೆಂಗಸರ ದುಡಿಮೆಯೂ ಹೆಚ್ಚಾಗಿ ಅಂಥ ಗೀಟುಗಳಲ್ಲೇ ಬರೆದಿಟ್ಟದ್ದು.

ಜಮೀನಿನ ಹಕ್ಕಿನ ವಿಷಯದಲ್ಲಿ ಗಡಿಯ ಆಚೀಚೆ ದೊಡ್ಡ ವ್ಯತ್ಯಾಸವಿತ್ತು. ಅಮೆರಿಕಾದ 1862ರ ಕಾಯಿದೆಯಂತೆ ಇಪ್ಪತ್ತೊಂದು ತುಂಬಿದ ಮದುವೆಯಾಗದ ಹೆಣ್ಣು, ವಿಧವೆ ಯಾರೇ ಆಗಲಿ, ಐದು ವರ್ಷ ನೆಲೆಸಿ ಉತ್ತರೆ ನೂರಾ ಅರವತ್ತು ಎಕರೆ ಪಡೆಯಬಹುದಿತ್ತು. ಕೆನಡಾದಲ್ಲಿ 1876ರ ತಿದ್ದುಪಡಿಯ ಮೇಲೆ ಮನೆಯ ಯಜಮಾನಿಕೆ ಹೊತ್ತ, ಮುಖ್ಯವಾಗಿ ಚಿಕ್ಕ ಮಕ್ಕಳಿರುವ ವಿಧವೆಗೆ ಮಾತ್ರ ಆ ಅವಕಾಶ. ಜಾರ್ಜಿನಾ ಬಿನ್ನಿ ಕ್ಲಾರ್ಕ್ ಎಂಬ ಇಂಗ್ಲೆಂಡಿನ ಮಹಿಳೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಸ್ಕಾಚೆವಾನ್‌ಗೆ ಬಂದು, ಪುಕ್ಕಟೆ ಜಮೀನು ಸಿಗದೆ ಹಣ ಕೊಟ್ಟು ಕೊಂಡು, ಬೇಸಾಯ ಮಾಡಿ ತೋರಿಸಿ, ಹೆಂಗಸರಿಗೂ ಆ ಹಕ್ಕು ಬೇಕೆಂದು ಹೋರಾಡಿದಳು. ಸರಕಾರ ಜಗ್ಗಲಿಲ್ಲ. ಆದರೆ ಎರಡೂ ಕಡೆ ಹಂಚಿದ ನೆಲ ಮೊದಲೇ ಬೇರೆಯವರದಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

1912ರಲ್ಲಿ ಕ್ಯಾಲ್ಗರಿಯಲ್ಲಿ ಮೊದಲ 'ಸ್ಟಾಂಪೀಡ್' ಉತ್ಸವ ನಡೆಯಿತು. ಮುಗಿದುಹೋಗುತ್ತಿದ್ದ ರಾಂಚ್ ಬದುಕಿಗೆ ಜಾತ್ರೆಯ ರೂಪ ಕೊಟ್ಟಂತೆ. ಯಾರಿಗೂ ಬಗ್ಗದ 'ಸೈಕ್ಲೋನ್' ಎಂಬ ಕುದುರೆಯನ್ನು ಪಳಗಿಸಿ ಗೆದ್ದವನು ಕೈನಾಯ್ ಬುಡಕಟ್ಟಿನ ಟಾಮ್ ತ್ರೀ ಪರ್ಸನ್ಸ್. ಮಹಿಳೆಯರ ಕುದುರೆ ಪಳಗಿಸುವ ಪಂದ್ಯದಲ್ಲಿ ಗೆದ್ದವಳು ಮೊಂಟಾನಾದ ಫ್ಯಾನಿ ಸ್ಪೆರಿ. ಮುಂದೆ ಟ್ರ್ಯಾಕ್ಟರು, ಲಾರಿ ಬಂದವು. ಬೇಡವಾದ ಕುದುರೆಗಳನ್ನೂ ಕಾಡುಬಿದ್ದ ಮಸ್ಟಾಂಗ್‌ಗಳನ್ನೂ ಅಟ್ಟಿ ಹಿಡಿದು ನಾಯಿಗಳ ಆಹಾರಕ್ಕೆ ಮಾರತೊಡಗಿದರು. 1950ರಲ್ಲಿ ನೆವಾಡಾದ ವೆಲ್ಮಾ ಜಾನ್‌ಸ್ಟನ್ ಎಂಬ ಕಚೇರಿ ಕೆಲಸದ ಹೆಣ್ಣುಮಗಳು ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಲಾರಿಯಿಂದ ರಕ್ತ ಸೋರುವುದನ್ನು ಕಂಡಳು. ಒಳಗೆ ಗಾಯಗೊಂಡ ಕಾಡುಕುದುರೆಗಳು. ಅಲ್ಲಿಂದ ಅವಳು ಸುಮ್ಮನೆ ಕೂರಲಿಲ್ಲ. ಶಾಲಾಮಕ್ಕಳಿಂದ ರಾಶಿರಾಶಿ ಪತ್ರ ಬರೆಸಿದಳು. 1959ರಲ್ಲೊಂದು, 1971ರಲ್ಲಿ ಇನ್ನೂ ಬಿಗಿಯಾದದ್ದೊಂದು ಕಾನೂನು ಬಂತು. ನಮ್ಮ ಶಾಲೆಯ ಪತ್ರಲೇಖನದ ಪಾಠಕ್ಕೆ ನಾನು ಕೊಡುವ ಉದಾಹರಣೆ ಇದೇ.

ನಮಗೂ ಆ ನಾಡಿಗೂ ಒಂದು ನಂಟಿದೆ. ಟೆಕ್ಸಾಸ್ ಕಡೆಯ ಸೆಕೆ, ಉಣ್ಣೆಗಳನ್ನು ತಾಳಲಾರದ ಯುರೋಪಿನ ತಳಿಗಳಿಗೆ ಬದಲಾಗಿ ಅಲ್ಲಿನವರು ಭಾರತದ ಡುಬ್ಬದ ದನಗಳನ್ನು ತಂದು ಬೆಳೆಸಿದ ತಳಿಯ ಹೆಸರು 'ಅಮೆರಿಕನ್ ಬ್ರಾಹ್ಮನ್'. ಕಾಂಕ್ರೇಜ್, ಓಂಗೋಲ್, ಗಿರ್ ತಳಿಗಳ ಜೊತೆಗೆ ನಮ್ಮ ಕೃಷ್ಣಾ ಕೊಳ್ಳದ ತಳಿಯ ರಕ್ತವೂ ಅದರಲ್ಲಿದೆ. ನಮ್ಮ ಹೊಳೆಸಾಲಿನ ಎರೆಹೊಲ ಉತ್ತ ಎತ್ತಿನ ಬಳಗದವರು ಅಲ್ಲಿ ಕೌಬಾಯ್‌ಗಳ ನಡುವೆ ಓಡಾಡುತ್ತಿದ್ದಾರೆ!

ಕೊನೆಯದಾಗಿ ಒಂದು ಮಾತು. ಮೊಂಟಾನಾದಲ್ಲಿ ಬ್ಲ್ಯಾಕ್‌ಫೀಟ್ ನೆಲದಿಂದ ಬಂದ ಕೆಲವು ಕರುಗಳಿಂದ ಬೆಳೆದ ಬೈಸನ್ ಹಿಂಡೊಂದನ್ನು 1907ರಿಂದ ಕೆನಡಾ ಸರಕಾರ ಕೊಂಡು ರೈಲಿನಲ್ಲಿ ಸಾಗಿಸಿತ್ತು. ಆ ವಂಶದ ಎಂಬತ್ತಕ್ಕೂ ಹೆಚ್ಚು ಎಳೆಯ ಬೈಸನ್‌ಗಳು 2016ರ ಏಪ್ರಿಲಿನಲ್ಲಿ ಆಲ್ಬರ್ಟಾದ ಎಲ್ಕ್ ಐಲ್ಯಾಂಡಿನಿಂದ ಬ್ಲ್ಯಾಕ್‌ಫೀಟ್ ನೆಲಕ್ಕೆ ಮರಳಿದವು. ಹಸಿವಿನಲ್ಲಿ ಸತ್ತವರ ಮರಿಮಕ್ಕಳು ಅವನ್ನು ಬರಮಾಡಿಕೊಂಡರು. ಕಳೆದುಹೋದದ್ದೆಲ್ಲ ಇದರಿಂದ ಮರಳಿ ಬಂದಂತಾಗಲಿಲ್ಲ, ನಿಜ. ಆದರೆ ಬೀಜಕ್ಕೆಂದು ಯಾರಾದರೂ ನಾಲ್ಕು ಕಾಳು ಎತ್ತಿಟ್ಟಿದ್ದರೆ ಬರಗಾಲ ಕಳೆದ ಮೇಲೂ ಬಿತ್ತನೆ ಸಾಧ್ಯ ಎನ್ನುವುದು ಮನೆ ನಡೆಸುವ ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.